ಹಿನ್ನೀರಿನ ಮೇಲಿನ ಪಟ್ಟೆಗಳು: ಹಲವು ಪಾಸ್‌ಗಳಲ್ಲಿ ಬಿಡಿಸುವಾಗ ಬರುವ ಡೆಪ್ತ್ ದೋಷಗಳನ್ನು ಸರಿಪಡಿಸುವ ಬಗೆ

ದೊಡ್ಡಮ್ಮ ಕನ್ನಡಕ ಮೇಲೇರಿಸಿ ಲ್ಯಾಪ್‌ಟಾಪಿಗೆ ಹತ್ತಿರ ಬಗ್ಗಿದರು. "ಎಂತದಿದು, ಹೊಳೆ ಮೇಲೆ ಕಂಬಳಿ ಹರ್ದು ಹಾಸಿದಂಗೆ ಕಾಣ್ತು?" ಎಂದರು. ಪರದೆಯ ಮೇಲಿದ್ದದ್ದು ಶರಾವತಿ ಹಿನ್ನೀರು. ನೀರು ಒಂದೇ ನೀಲಿಯಾಗಿ ಕಾಣುವ ಬದಲು ನೀಲಿ ಮತ್ತು ಮಣ್ಣಿನ ಬಣ್ಣದ ಪಟ್ಟೆಗಳಾಗಿ ಸೀಳಿಕೊಂಡಿತ್ತು. ಕ್ಯಾಮೆರಾ ಅಲುಗಿಸಿದರೆ ಪಟ್ಟೆಗಳೂ ಹರಿದಾಡುತ್ತಿದ್ದವು.

ಈ ನಕ್ಷೆ ನಾನು ಮಾಡುತ್ತಿರುವುದೇ ದೊಡ್ಡಮ್ಮನ ಕಾರಣಕ್ಕೆ. ಅವರು ಹುಟ್ಟಿದ ಮನೆ, ಗದ್ದೆ ಎಲ್ಲ ಲಿಂಗನಮಕ್ಕಿ ಅಣೆಕಟ್ಟು ಮುಗಿದ 1964ರ ಹೊತ್ತಿಗೆ ಮುಳುಗಡೆಯಾದವು. ಬ್ರೌಸರ್‌ನಲ್ಲಿ ತೆರೆದುಕೊಳ್ಳುವ ಮೂರು ಆಯಾಮದ ಕಣಿವೆ ಇದು. ಒಂದು ಸ್ಲೈಡರ್ ಎಳೆದರೆ ನೀರಿನ ಮಟ್ಟ 1819 ಅಡಿಯಿಂದ, ಅಂದರೆ ಸುಮಾರು 554.4 ಮೀಟರಿನ ತುಂಬಿದ ಮಟ್ಟದಿಂದ, ಕೆಳಗಿಳಿಯುತ್ತದೆ. ಇಳಿಯುತ್ತ ಹೋದಂತೆ ಹಳೆಯ ಮಡೆನೂರು ಅಣೆಕಟ್ಟು, ದಾರಿಗಳು, ಗದ್ದೆಯ ಬದುಗಳು ಒಂದೊಂದಾಗಿ ಮೇಲೇಳಬೇಕು. ಆ ಬದುಗಳು ಮಿನುಗಿ, ತುಂಡು ತುಂಡಾಗಿ ಕಂಡರೆ ನಕ್ಷೆ ಮಾಡಿದ್ದಕ್ಕೇ ಅರ್ಥವಿಲ್ಲ. ಹಾಗಾಗಿ ಒಂದು ಮಳೆಗಾಲ ಪೂರ್ತಿ ಈ ದೋಷಗಳ ಹಿಂದೆಯೇ ಬಿದ್ದಿದ್ದೆ. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಬಳಸುವುದು ವೆಬ್‌ಜಿಎಲ್ 2, ಬ್ರೌಸರ್‌ನೊಳಗೆ ಗ್ರಾಫಿಕ್ಸ್ ಚಿಪ್ ಬಳಸಿ ಚಿತ್ರ ಬಿಡಿಸುವ ಸಾಧನ. ನೀವು ತ್ರೀ.ಜೆಎಸ್‌ನಲ್ಲಿದ್ದರೂ, ಓಪನ್‌ಜಿಎಲ್ ಅಥವಾ ವಲ್ಕನ್‌ನಲ್ಲಿದ್ದರೂ ಕಾಯಿಲೆಗಳು ಇವೇ.

ಒಂದು ಚಿತ್ರವನ್ನು ಹಂತ ಹಂತವಾಗಿ ಬಿಡಿಸುವಾಗ ಒಂದೊಂದು ಹಂತವೂ ಒಂದು ಪಾಸ್. ನನ್ನ ಪಾಸ್‌ಗಳ ಸಾಲು ಹೀಗಿದೆ. ಒಂದನೆಯದರಲ್ಲಿ ನೆಲದ ಜಾಲವನ್ನು ಬಣ್ಣವಿಲ್ಲದೆ ಬರೀ ಡೆಪ್ತ್ ಬಫರ್‌ಗೆ, ಅಂದರೆ ಪ್ರತಿ ಪಿಕ್ಸೆಲ್‌ನ ಆಳ ನೆನಪಿಡುವ ಜಾಗಕ್ಕೆ, ಬರೆಯುತ್ತೇನೆ. ಎರಡನೆಯದರಲ್ಲಿ ಅದೇ ನೆಲಕ್ಕೆ ಬಣ್ಣ ಮತ್ತು ಬೆಳಕು. ನೆಲದ ಶೇಡರ್, ಅಂದರೆ ಸ್ಥಾನ ಬಣ್ಣಗಳನ್ನು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ, ಭಾರವಾದದ್ದು, ಗುಡ್ಡದ ಹಿಂದಿನ ಗುಡ್ಡಕ್ಕೆ ಸುಮ್ಮನೆ ಬಣ್ಣ ಲೆಕ್ಕ ಹಾಕುವುದು ಬೇಡ ಎಂದು ಈ ಎರಡು ಹಂತ. ಮೂರನೆಯದು ರಸ್ತೆ, ಬದುಗಳ ಗೆರೆ. ನಾಲ್ಕು ಮರ, ಐದು ನೀರು, ಆರು ಮಂಜು. ಮಂಜಿನ ಪಾಸ್ ಮಾತ್ರ ಹೊಸದಾಗಿ ಏನನ್ನೂ ಬಿಡಿಸುವುದಿಲ್ಲ, ಹಿಂದಿನವರು ಬರೆದಿಟ್ಟ ಆಳವನ್ನು ಓದಿಕೊಂಡು ದೂರಕ್ಕೆ ತಕ್ಕಂತೆ ಬೆಳ್ಳಗೆ ಮಾಡುತ್ತದೆ.

ಆಫ್‌ಸೆಟ್‌ಗೆ ಕೈ ಹಾಕುವ ಮೊದಲು

ಪಟ್ಟೆ ಕಂಡ ತಕ್ಷಣ ಎಲ್ಲರೂ ಮಾಡುವ ಕೆಲಸ ಪಾಲಿಗಾನ್ ಆಫ್‌ಸೆಟ್ ಹಾಕುವುದು, ಅಂದರೆ ಒಂದು ಮೇಲ್ಮೈಯ ಆಳವನ್ನು ಲೆಕ್ಕದಲ್ಲಿ ತುಸು ಮುಂದಕ್ಕೋ ಹಿಂದಕ್ಕೋ ಸರಿಸುವುದು. ನಾನೂ ಮಾಡಿದೆ. ಒಂದು ಸಂಖ್ಯೆ ಹಾಕಿದೆ, ಸಾಲಲಿಲ್ಲ, ಹತ್ತು ಪಟ್ಟು ಮಾಡಿದೆ, ಪಟ್ಟೆ ಹೋಯಿತು. ಮರುದಿನ ಆಗುಂಬೆ ಕಡೆ ಕ್ಯಾಮೆರಾ ತಿರುಗಿಸಿದಾಗ ಗುಡ್ಡದ ಆ ಬದಿಯಲ್ಲಿರುವ ಘಾಟಿ ರಸ್ತೆ ಗುಡ್ಡವನ್ನು ತೂರಿಕೊಂಡು ಈ ಬದಿಗೆ ಕಾಣುತ್ತಿತ್ತು. ಡೆಪ್ತ್ ಬಫರ್ ಆಳವನ್ನು ಮೆಟ್ಟಿಲು ಮೆಟ್ಟಿಲಾಗಿಯೇ ಗುರುತಿಸುತ್ತದೆ, ದೂರದಲ್ಲಿ ಅದರ ಒಂದೊಂದು ಮೆಟ್ಟಿಲೂ ಹಲವು ಮೀಟರ್ ಅಗಲ. ನಾನು ಹಾಕಿದ ಆಫ್‌ಸೆಟ್ ರಸ್ತೆಯನ್ನು ನೂರಾರು ಮೀಟರ್ ಮುಂದಕ್ಕೆ ಎಳೆದು ತಂದಿತ್ತು.

ಮಿನುಗುವ ಪಟ್ಟೆಗೆ ಕಾರಣ ಮೂರು ಬಗೆಯವು, ಕಣ್ಣಿಗೆ ಮೂರೂ ಒಂದೇ ಥರ. ಒಂದು, ಎರಡು ಪಾಸ್‌ಗಳು ಒಂದೇ ಮೇಲ್ಮೈಯನ್ನು ಬಿಡಿಸಬೇಕಿತ್ತು, ಆದರೆ ಲೆಕ್ಕ ಬೇರೆ ಬೇರೆ ಬಂದಿದೆ. ಎರಡು, ಮೇಲ್ಮೈಗಳು ನಿಜವಾಗಿ ಬೇರೆಯೇ, ಆದರೆ ಅವುಗಳ ನಡುವಿನ ಅಂತರವನ್ನು ಹಿಡಿಯುವಷ್ಟು ಸೂಕ್ಷ್ಮ ಬಫರ್‌ಗೆ ಇಲ್ಲ. ಮೂರು, ಲೆಕ್ಕವೂ ಸರಿ ಸೂಕ್ಷ್ಮವೂ ಸರಿ, ಯಾವುದೋ ಪಾಸ್ ತನ್ನ ಸ್ಥಿತಿಯನ್ನು ಮುಂದಿನ ಪಾಸ್‌ಗೆ ಹಾಗೆಯೇ ಬಿಟ್ಟುಹೋಗಿದೆ. ಆಫ್‌ಸೆಟ್ ಮದ್ದಾಗುವುದು ಎರಡನೆಯದಕ್ಕೆ, ಅದೂ ಸ್ವಲ್ಪ ಮಟ್ಟಿಗೆ. ಮೊದಲನೆಯದಕ್ಕೆ ಹಾಕಿದರೆ ರೋಗ ಮುಚ್ಚಿಕೊಂಡು ಇನ್ನೊಂದು ಕಡೆ ಏಳುತ್ತದೆ.

ಯಾವುದೆಂದು ತಿಳಿಯಲು ನಾನು ಮಾಡುವ ಪರೀಕ್ಷೆಗಳಿವು. ದೋಷವಿರುವ ಪಾಸ್‌ಗೆ ಡೆಪ್ತ್ ಪರೀಕ್ಷೆಯನ್ನೇ (ಯಾವುದು ಮುಂದೆ, ಯಾವುದು ಮರೆ ಎಂದು ಆಳ ಹೋಲಿಸುವುದನ್ನು) ನಿಲ್ಲಿಸಿ ನೋಡಿ. ಆಗಲೂ ಚಿತ್ರ ಹರಿದೇ ಇದ್ದರೆ ತಪ್ಪು ಡೆಪ್ತ್‌ನದಲ್ಲ, ಹಿಂಬದಿ ತ್ರಿಕೋನಗಳನ್ನು ಕಳೆಯುವಲ್ಲೋ ಬಣ್ಣ ಬೆರೆಸುವಲ್ಲೋ ಹುಡುಕಿ. ಚಿತ್ರ ಪೂರ್ತಿ ಕಂಡರೆ ಮುಂದಿನದಕ್ಕೆ ಬನ್ನಿ: ನಿಯರ್ ಪ್ಲೇನ್ ಅನ್ನು (ಇದಕ್ಕಿಂತ ಹತ್ತಿರದ್ದನ್ನು ಕ್ಯಾಮೆರಾ ತೋರಿಸುವುದಿಲ್ಲ ಎಂಬ ಗಡಿ) ತಾತ್ಕಾಲಿಕವಾಗಿ ಹತ್ತು ಪಟ್ಟು ದೂರ ಸರಿಸಿ. ಪಟ್ಟೆಗಳು ಕಂಡಾಬಟ್ಟೆ ಕಡಿಮೆಯಾದರೆ, ಅಥವಾ ಹತ್ತಿರ ಹೋದಾಗ ತಾವಾಗಿಯೇ ಮಾಯವಾದರೆ, ಸೂಕ್ಷ್ಮದ ಕೊರತೆ. ಚುಕ್ಕಿಗಳ ಜಾಗ ಬದಲಾಗಿ, 50 ಮೀಟರಿನಲ್ಲೂ 10 ಕಿಲೋಮೀಟರಿನಲ್ಲೂ ಅಷ್ಟೇ ಗಿಜಿಗಿಜಿ ಇದ್ದರೆ ಲೆಕ್ಕದ ವ್ಯತ್ಯಾಸದ ಗುಮಾನಿ. ಅದನ್ನು ಖಚಿತ ಮಾಡಿಕೊಳ್ಳಲು ಎರಡೂ ಪಾಸ್‌ಗಳಿಗೆ ಒಂದೇ ವರ್ಟೆಕ್ಸ್ ಶೇಡರ್ (ಬಿಂದುಗಳ ಸ್ಥಾನ ಲೆಕ್ಕ ಹಾಕುವ ಶೇಡರ್) ಕೊಟ್ಟು, ಎರಡನೆಯದರಲ್ಲಿ ಬರೀ ಕೆಂಪು ಬಣ್ಣ ಹಾಕಿ. ನೆಲ ಕಲೆಯಿಲ್ಲದೆ ಕೆಂಪಾದರೆ ಕಳ್ಳ ಸಿಕ್ಕಂತೆ. ಡೆಸ್ಕ್‌ಟಾಪ್ ಪ್ರೋಗ್ರಾಂ ಆದರೆ ರೆಂಡರ್‌ಡಾಕ್ ಎಂಬ ದೋಷ ಹುಡುಕುವ ಸಾಧನದಲ್ಲಿ ಒಂದು ಪಿಕ್ಸೆಲ್‌ನ ಚರಿತ್ರೆ ತೆರೆದು ಯಾವ ಡ್ರಾ (ಬಿಡಿಸುವ ಆದೇಶ) ಡೆಪ್ತ್ ಪರೀಕ್ಷೆಯಲ್ಲಿ ಬಿದ್ದುಹೋಯಿತೆಂದು ನೇರ ನೋಡಬಹುದು. ಬ್ರೌಸರ್‌ನಲ್ಲಿ ಸ್ಪೆಕ್ಟರ್.ಜೆಎಸ್ ಪ್ರತಿ ಡ್ರಾನ ಸ್ಥಿತಿ ತೋರಿಸುತ್ತದೆ, ನನಗೆ ಅಷ್ಟೇ ಸಾಕಾಯಿತು.

ಒಂದೇ ನೆಲ, ಎರಡು ಲೆಕ್ಕ

ನನ್ನ ಮೊದಲ ಎರಡು ಪಾಸ್‌ಗಳ ಕಥೆ ಇದು. ಡೆಪ್ತ್ ಪರೀಕ್ಷೆಯ ಮೂಲ ನಿಯಮ ವೆಬ್‌ಜಿಎಲ್‌ನಲ್ಲಿ 'ಲೆಸ್', ಅಂದರೆ ಈಗಿರುವುದಕ್ಕಿಂತ ಹತ್ತಿರವಿದ್ದರೆ ಮಾತ್ರ ಒಳಗೆ ಬಿಡು. ಅದೇ ನೆಲವನ್ನು ಎರಡನೇ ಸಲ ಬಿಡಿಸಿದರೆ ಆಳ ಸಮಸಮ, ಹಾಗಾಗಿ ಒಂದು ಪಿಕ್ಸೆಲ್ ಕೂಡ ಬರುವುದಿಲ್ಲ. ಪರದೆ ಪೂರ್ತಿ ಖಾಲಿ ಕಂಡರೆ ಮೊದಲು ಇದನ್ನೇ ನೋಡಿ, 'ಲೆಸ್ ಆರ್ ಈಕ್ವಲ್' ಮಾಡಿ. ತ್ರೀ.ಜೆಎಸ್‌ನಲ್ಲಿ ಅದು ಮೊದಲೇ ಹಾಗಿರುತ್ತದೆ.

ನಿಯಮ ಬದಲಿಸಿದ ಮೇಲೆ ನನಗೆ ನೆಲ ಬಂತು, ಆದರೆ ಮೈತುಂಬ ಚುಕ್ಕಿ. ಮೊದಲ ಪಾಸ್‌ನ ಶೇಡರ್‌ನಲ್ಲಿ ಬಿಂದುವನ್ನು ನಕ್ಷೆಯಿಂದ ಪರದೆಗೆ ತರುವ ಪ್ರೊಜೆಕ್ಷನ್, ವ್ಯೂ, ಮಾಡೆಲ್ ಮೂರನ್ನೂ ಮುಂಚೆಯೇ ಗುಣಿಸಿದ ಒಂದೇ ಮ್ಯಾಟ್ರಿಕ್ಸ್ ಇತ್ತು. ಎರಡನೆಯದರಲ್ಲಿ ಬೆಳಕಿನ ಲೆಕ್ಕಕ್ಕೆ ನಡುವಿನ ಸ್ಥಾನ ಬೇಕಿತ್ತಾದ್ದರಿಂದ ಬಿಂದುವನ್ನು ಮೊದಲು ವ್ಯೂಗೆ ತಂದು, ಆಮೇಲೆ ಪ್ರೊಜೆಕ್ಷನ್ ಗುಣಿಸುತ್ತಿದ್ದೆ. ಕಾಗದದ ಮೇಲೆ ಎರಡೂ ಒಂದೇ. 32 ಬಿಟ್ ಫ್ಲೋಟ್‌ನಲ್ಲಿ, ಅಂದರೆ ಕಂಪ್ಯೂಟರಿನ ದಶಾಂಶ ಸಂಖ್ಯೆಗಳಲ್ಲಿ, ಗುಣಿಸುವ ಕ್ರಮ ಬದಲಾದರೆ ಕೊನೆಯ ಅಂಕಿ ಬದಲಾಗುತ್ತದೆ. ಕೆಲವು ಪಿಕ್ಸೆಲ್‌ಗಳಲ್ಲಿ ಎರಡನೇ ಪಾಸ್ ಒಂದು ಕೂದಲೆಳೆಯಷ್ಟು ಹಿಂದೆ ಬಿದ್ದು, ಪರೀಕ್ಷೆಯಲ್ಲಿ ಸೋಲುತ್ತಿತ್ತು.

ಇದಕ್ಕೆ ಮದ್ದು ಸ್ಥಾನದ ಲೆಕ್ಕವನ್ನು ಒಂದೇ ತುಣುಕಾಗಿ ಬರೆದಿಟ್ಟು, ಎಲ್ಲ ಶೇಡರ್‌ಗಳಿಗೂ ಅದನ್ನೇ ಅಂಟಿಸುವುದು. ಬೆಳಕಿಗೆ ಬೇಕಾದ ಸ್ಥಾನವನ್ನು ಬೇಕಿದ್ದರೆ ಪ್ರತ್ಯೇಕವಾಗಿ ಮತ್ತೊಮ್ಮೆ ಲೆಕ್ಕ ಹಾಕಿಕೊಳ್ಳಲಿ. ಜೊತೆಗೆ ಎರಡೂ ಶೇಡರ್‌ಗಳಲ್ಲಿ ಬಿಂದುವಿನ ಅಂತಿಮ ಸ್ಥಾನವಾದ ಜಿಎಲ್ ಪೊಸಿಷನ್ ಅನ್ನು 'ಇನ್‌ವೇರಿಯಂಟ್' (ಬದಲಾಗದ್ದು) ಎಂದು ಘೋಷಿಸಿ. ಹಾಗೆ ಮಾಡದಿದ್ದರೆ ಬರಹ ಒಂದೇ ಇದ್ದರೂ ಕಂಪೈಲರ್ ಒಂದು ಶೇಡರ್‌ನಲ್ಲಿ ಒಂದು ಥರ, ಇನ್ನೊಂದರಲ್ಲಿ ಮತ್ತೊಂದು ಥರ ಚುರುಕುಗೊಳಿಸುವ ಸ್ವಾತಂತ್ರ್ಯ ಉಳಿಸಿಕೊಂಡಿರುತ್ತದೆ. ಘೋಷಣೆ ಒಂದರಲ್ಲಿ ಮಾತ್ರ ಇದ್ದರೆ ಪ್ರಯೋಜನವಿಲ್ಲ. ಘೋಷಿಸಿ, ಲೆಕ್ಕದ ಬರಹ ಬೇರೆ ಬೇರೆ ಇಟ್ಟರೂ ಪ್ರಯೋಜನವಿಲ್ಲ.

ಇದೇ ಜಾತಿಯ ಇನ್ನೆರಡು ತಪ್ಪುಗಳು ನನ್ನನ್ನು ದಿನಗಟ್ಟಲೆ ಸತಾಯಿಸಿದವು. ಗುಡ್ಡಗಳು ಎದ್ದು ಕಾಣಲೆಂದು ಎತ್ತರವನ್ನು ಒಂದೂವರೆ ಪಟ್ಟು ಮಾಡುವ ಗುಂಡಿ ಇಟ್ಟಿದ್ದೆ. ಯೂನಿಫಾರ್ಮ್ ಬೆಲೆಗಳು, ಅಂದರೆ ನಾವು ಹೊರಗಿನಿಂದ ಶೇಡರ್‌ಗೆ ಕೊಡುವ ಸಂಖ್ಯೆಗಳು, ಪ್ರತಿಯೊಂದು ಶೇಡರ್ ಪ್ರೋಗ್ರಾಂಗೂ ಬೇರೆ ಬೇರೆ. ಗುಂಡಿ ಒತ್ತಿದಾಗ ಬಣ್ಣದ ಪಾಸ್‌ಗೆ ಹೊಸ ಬೆಲೆ ಹೋಗುತ್ತಿತ್ತು, ಡೆಪ್ತ್ ಪಾಸ್‌ಗೆ ಹಳೆಯದೇ ಉಳಿಯುತ್ತಿತ್ತು. ಈಗ ಕ್ಯಾಮೆರಾ, ಎತ್ತರದ ಗುಣಕ, ಎಲ್ಲವನ್ನೂ ಒಂದು ಯೂನಿಫಾರ್ಮ್ ಬಫರ್‌ನಲ್ಲಿಟ್ಟು ಎಲ್ಲ ಪ್ರೋಗ್ರಾಂಗಳೂ ಅಲ್ಲಿಂದಲೇ ಓದುವಂತೆ ಮಾಡಿದ್ದೇನೆ.

ಎರಡನೆಯದು ಕರ್ಣ. ಎತ್ತರದ ದತ್ತಾಂಶ ಚೌಕದ ಜಾಲ, ಪ್ರತಿ ಚೌಕವನ್ನು ಎರಡು ತ್ರಿಕೋನ ಮಾಡಬೇಕು. ಗೆರೆಗಳ ಪಾಸ್‌ಗೆ ನಾನು ಬೇರೆ ಸಮಯದಲ್ಲಿ ಬರೆದ ಕೋಡ್ ಚೌಕವನ್ನು ಎಡದಿಂದ ಬಲಕ್ಕೆ ಸೀಳುತ್ತಿತ್ತು, ನೆಲದ ಕೋಡ್ ಬಲದಿಂದ ಎಡಕ್ಕೆ. ನಾಲ್ಕು ಮೂಲೆ ಒಂದೇ ಇದ್ದರೂ ನಡುಭಾಗ ಒಂದರಲ್ಲಿ ಉಬ್ಬು, ಇನ್ನೊಂದರಲ್ಲಿ ತಗ್ಗು. ಮಲೆನಾಡಿನಂಥ ಏರುತಗ್ಗಿನ ಜಾಗದಲ್ಲಿ, 30 ಮೀಟರಿನ ಚೌಕದಲ್ಲಿ, ಈ ವ್ಯತ್ಯಾಸ ಮೀಟರುಗಟ್ಟಲೆ ಬರುತ್ತದೆ. ಬಯಲುಸೀಮೆಯ ತುಣುಕಿನಲ್ಲಿ ಪರೀಕ್ಷೆ ಮಾಡಿದ್ದರೆ ನನಗೆ ಇದು ಗೊತ್ತೇ ಆಗುತ್ತಿರಲಿಲ್ಲ. ಎರಡೂ ಪಾಸ್‌ಗೆ ಒಂದೇ ಇಂಡೆಕ್ಸ್ ಬಫರ್ (ಯಾವ ಮೂಲೆಗಳು ಸೇರಿ ತ್ರಿಕೋನ ಎಂಬ ಪಟ್ಟಿ) ಕೊಡಿ, ಮುಗಿಯಿತು.

ಮರಗಳದ್ದೂ ಇಲ್ಲೇ ಹೇಳಿಬಿಡುತ್ತೇನೆ. ಅಡಿಕೆ ತೋಟವನ್ನೂ ಡೆಪ್ತ್ ಪಾಸ್‌ಗೆ ಸೇರಿಸಿದಾಗ ಸೋಗೆಗಳ ಸುತ್ತ ಆಕಾಶದ ಬಣ್ಣದ ಚೌಕಗಳು ಬಂದವು. ಸೋಗೆಯೆಂದರೆ ಒಂದು ಚೌಕದ ಮೇಲೆ ಅಂಟಿಸಿದ ಚಿತ್ರ, ಖಾಲಿ ಜಾಗವನ್ನು ಶೇಡರ್ 'ಡಿಸ್ಕಾರ್ಡ್' ಮಾಡುತ್ತದೆ, ಅಂದರೆ ಬಿಡಿಸದೆ ಬಿಸಾಡುತ್ತದೆ. ಬಣ್ಣದ ಪಾಸ್ ಹಾಗೆ ಮಾಡುತ್ತಿತ್ತು, ಡೆಪ್ತ್ ಪಾಸ್ ಇಡೀ ಚೌಕದ ಆಳವನ್ನು ಬರೆದುಬಿಟ್ಟಿತ್ತು. ಅದೇ ಚಿತ್ರ, ಅದೇ ಕತ್ತರಿಸುವ ಮಿತಿ ಎರಡೂ ಪಾಸ್‌ನಲ್ಲಿರಬೇಕು. ಕೊನೆಗೆ ನಾನು ಮರಗಳನ್ನು ಡೆಪ್ತ್ ಪಾಸ್‌ನಿಂದ ಹೊರಗೇ ಇಟ್ಟೆ, ಹಳೆಯ ಫೋನ್‌ಗಳಲ್ಲಿ ವೇಗವೂ ಸಿಕ್ಕಿತು.

ನಿಯರ್ ಪ್ಲೇನ್ ಎಂಬ ದುಬಾರಿ ಸಂಖ್ಯೆ

ಈಗ ಸೂಕ್ಷ್ಮದ ವಿಷಯ. 24 ಬಿಟ್ ಡೆಪ್ತ್ ಬಫರ್‌ನಲ್ಲಿ 1,67,77,216 ಮೆಟ್ಟಿಲುಗಳಿವೆ. ಕೇಳಲು ದೊಡ್ಡದು, ಆದರೆ ಅವು ಸಮನಾಗಿ ಹಂಚಿಲ್ಲ. ಬಫರ್‌ನಲ್ಲಿ ಕೂರುವುದು ದೂರವಲ್ಲ, ದೂರದ ವಿಲೋಮಕ್ಕೆ ತಕ್ಕ ಬೆಲೆ. ನಿಯರ್ 10 ಸೆಂಟಿಮೀಟರ್ ಇಟ್ಟರೆ ಆ ಮೆಟ್ಟಿಲುಗಳಲ್ಲಿ ಅರ್ಧದಷ್ಟು 10ರಿಂದ 20 ಸೆಂಟಿಮೀಟರಿನ ನಡುವೆಯೇ ಮುಗಿದುಹೋಗುತ್ತವೆ. ಉಳಿದ ಅರ್ಧದಲ್ಲಿ ಇಡೀ ಸಾಗರ ತಾಲ್ಲೂಕು ಹೊಂದಿಕೊಳ್ಳಬೇಕು.

ಒಂದು ದೂರದಲ್ಲಿ ಮೆಟ್ಟಿಲು ಎಷ್ಟು ಅಗಲ ಎಂದು ತಿಳಿಯಲು ಆ ದೂರವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ನಿಯರ್ ಮತ್ತು 1,67,77,216ರ ಗುಣಲಬ್ಧದಿಂದ ಭಾಗಿಸಿ. ಈ ಒಂದು ಲೆಕ್ಕವನ್ನು ಗೋಡೆಗೆ ಅಂಟಿಸಿಕೊಳ್ಳಿ ಎನ್ನುತ್ತೇನೆ. ನಿಯರ್ 0.1 ಮೀಟರ್ ಇದ್ದಾಗ 100 ಮೀಟರ್ ದೂರದಲ್ಲಿ ಮೆಟ್ಟಿಲು 6 ಮಿಲಿಮೀಟರ್, 1 ಕಿಲೋಮೀಟರಿನಲ್ಲಿ 60 ಸೆಂಟಿಮೀಟರ್, 10 ಕಿಲೋಮೀಟರಿನಲ್ಲಿ ಸುಮಾರು 60 ಮೀಟರ್. ಅರವತ್ತು ಮೀಟರ್ ಎಂದರೆ ತೋಟ, ಮನೆ, ಹಿಂದಿನ ಸೊಪ್ಪಿನಬೆಟ್ಟ ಎಲ್ಲ ಒಂದೇ ಮೆಟ್ಟಿಲಲ್ಲಿ ಕೂತಂತೆ. ನಿಯರ್ 1 ಮೀಟರ್ ಮಾಡಿದರೆ ಅದೇ ಜಾಗ 6 ಮೀಟರ್, 10 ಮೀಟರ್ ಮಾಡಿದರೆ 60 ಸೆಂಟಿಮೀಟರ್. ಫಾರ್ ಪ್ಲೇನ್ ಅನ್ನು, ಅಂದರೆ ಕಾಣುವ ದೂರದ ಕೊನೆಯ ಗಡಿಯನ್ನು, 60 ಕಿಲೋಮೀಟರಿನಿಂದ 30ಕ್ಕೆ ಇಳಿಸಿದರೆ ಹೆಚ್ಚು ಕಡಿಮೆ ಏನೂ ಆಗುವುದಿಲ್ಲ. ಬಹಳ ಜನ ಫಾರ್ ಕಡಿಮೆ ಮಾಡಿ ಮಾಡಿ ಸುಸ್ತಾಗುತ್ತಾರೆ.

ಹಾಗಾಗಿ ಮೇಲಿನಿಂದ ನೋಡುವ ದೃಶ್ಯದಲ್ಲಿ ನಾನು ನಿಯರ್ ಅನ್ನು ಸ್ಥಿರವಾಗಿ ಇಡುವುದಿಲ್ಲ. ಕ್ಯಾಮೆರಾ ನೆಲದಿಂದ ಎಷ್ಟು ಎತ್ತರದಲ್ಲಿದೆ ನೋಡಿ, ಅದರ ಕಾಲು ಭಾಗ ಇಡುತ್ತೇನೆ. ಎದುರಿಗೆ ಕಡಿದಾದ ಗುಡ್ಡ ಬಂದರೆ ಅದಕ್ಕೂ ಒಂದು ಕಿರಣ ಬಿಟ್ಟು ದೂರ ಅಳೆದು, ಎರಡರಲ್ಲಿ ಕಡಿಮೆಯದನ್ನು ತೆಗೆದುಕೊಳ್ಳುತ್ತೇನೆ. 200 ಮೀಟರ್ ಎತ್ತರದಿಂದ ನೋಡುವಾಗ ನಿಯರ್ 50 ಮೀಟರ್. ಇದೊಂದರಿಂದಲೇ ನನ್ನ ಪಟ್ಟೆಗಳಲ್ಲಿ ಬಹುಪಾಲು ಹೋದವು. ಒಂದು ಫ್ರೇಮಿನ ಎಲ್ಲ ಪಾಸ್‌ಗಳಿಗೂ ಅದೇ ನಿಯರ್ ಹೋಗಬೇಕು ಎನ್ನುವುದನ್ನು ಮಾತ್ರ ಮರೆಯಬೇಡಿ, ಮಂಜಿನ ಪಾಸ್ ಸೇರಿ.

ಆದರೆ ಹೊಳೆಬಾಗಿಲಿನ ಲಾಂಚ್ (ಹಿನ್ನೀರು ದಾಟುವ ದೋಣಿ) ಮೇಲಿನ ದೃಶ್ಯಕ್ಕೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಲಾಂಚಿನ ಕಂಬಿ ಕಣ್ಣಿಗೆ ಒಂದು ಮೀಟರ್ ದೂರ, ಗುಡ್ಡಸಾಲು 20 ಕಿಲೋಮೀಟರ್ ಆಚೆ. ನಿಯರ್ ಅರ್ಧ ಮೀಟರ್ ಇಟ್ಟರೆ ಗುಡ್ಡಸಾಲಿನ ಹತ್ತಿರ ಮೆಟ್ಟಿಲು ಸುಮಾರು 48 ಮೀಟರ್. ಇಂಥಲ್ಲಿ ದಾರಿ ಮೂರು.

ನನಗೆ ಇಷ್ಟವಾದದ್ದು ಡೆಪ್ತ್ ಅನ್ನು ತಿರುಗಿಸಿಡುವುದು. ಹತ್ತಿರಕ್ಕೆ 1, ದೂರಕ್ಕೆ 0, ಬಫರ್ 32 ಬಿಟ್ ಫ್ಲೋಟ್. ಫ್ಲೋಟ್ ಸಂಖ್ಯೆಗಳು ಸೊನ್ನೆಯ ಹತ್ತಿರ ಬಹಳ ದಟ್ಟ. ದೂರದಲ್ಲಿ ವಿಲೋಮ ಕಳೆಯುವ ಸೂಕ್ಷ್ಮವನ್ನು ಈ ದಟ್ಟಣೆ ತುಂಬಿಕೊಡುತ್ತದೆ. ಲೆಕ್ಕದ ಮಟ್ಟಿಗೆ 20 ಕಿಲೋಮೀಟರಿನಲ್ಲೂ ಮೆಟ್ಟಿಲು ಮಿಲಿಮೀಟರುಗಳಿಗೆ ಇಳಿಯುತ್ತದೆ. ಬಿಂದುವಿನ ಸ್ಥಾನದ ಲೆಕ್ಕದಲ್ಲಿ ಬರುವ ದೋಷವೇ ಆಗ ಅದಕ್ಕಿಂತ ದೊಡ್ಡದಾಗುತ್ತದೆ. ತಿರುಗಿಸುವಾಗ ನಾಲ್ಕು ಕಡೆ ಕೈಯಾಡಿಸಬೇಕು: ಪ್ರೊಜೆಕ್ಷನ್ ಮ್ಯಾಟ್ರಿಕ್ಸ್, ಅಳಿಸುವ ಬೆಲೆ 1ರ ಬದಲು 0, ಹೋಲಿಕೆಯ ನಿಯಮ 'ಗ್ರೇಟರ್ ಆರ್ ಈಕ್ವಲ್', ಆಫ್‌ಸೆಟ್‌ನ ಚಿಹ್ನೆ ಉಲ್ಟಾ. ಇವುಗಳಲ್ಲಿ ಮೂರನ್ನು ಮಾಡಿ ಒಂದನ್ನು ಬಿಟ್ಟರೆ ಬರುವ ಚಿತ್ರ ಮೊದಲಿಗಿಂತ ಕೆಟ್ಟದು. ವೆಬ್‌ಜಿಎಲ್‌ನ ನಂತರ ಬಂದ ವೆಬ್‌ಜಿಪಿಯುನಲ್ಲಿ ಕ್ಲಿಪ್ ವ್ಯಾಪ್ತಿ (ಬಫರ್‌ಗೆ ಹೋಗುವ ಮುಂಚಿನ ಆಳದ ವ್ಯಾಪ್ತಿ) ಹುಟ್ಟಿನಿಂದಲೇ 0ಯಿಂದ 1, ಹಾಗಾಗಿ ಸಲೀಸು. ವೆಬ್‌ಜಿಎಲ್‌ನಲ್ಲಿ ಅದು ಋಣ 1ರಿಂದ 1. ಅದನ್ನು 0ಯಿಂದ 1ಕ್ಕೆ ತರುವ ಕೂಡಿಕೆಯಲ್ಲೇ ದಟ್ಟಣೆಯ ಲಾಭ ಸೋರಿಹೋಗುತ್ತದೆ. 'ಕ್ಲಿಪ್ ಕಂಟ್ರೋಲ್' ವಿಸ್ತರಣೆ ಸಿಗುವ ಬ್ರೌಸರ್‌ನಲ್ಲಿ ಮಾತ್ರ ಪೂರ್ತಿ ಲಾಭ.

ವಿಸ್ತರಣೆ ಇಲ್ಲದ ಫೋನ್‌ಗಳಿಗೆ ದೃಶ್ಯವನ್ನು ಎರಡು ಹೋಳು ಮಾಡುತ್ತೇನೆ. ಮೊದಲು 200 ಮೀಟರಿನಿಂದ 60 ಕಿಲೋಮೀಟರ್ ತನಕದ ಹೋಳು, ಆಮೇಲೆ ಡೆಪ್ತ್ ಅಳಿಸಿ, ಅರ್ಧ ಮೀಟರಿನಿಂದ 220 ಮೀಟರಿನ ಹೋಳು. ನಡುವೆ 20 ಮೀಟರ್ ಒಂದರ ಮೇಲೊಂದು ಬರಬೇಕು, ಇಲ್ಲದಿದ್ದರೆ ಸಂದಿಯಲ್ಲಿ ಬಿರುಕು ಕಾಣುತ್ತದೆ. ಆಗ 20 ಕಿಲೋಮೀಟರಿನಲ್ಲಿ ಮೆಟ್ಟಿಲು ಬರೀ 12 ಸೆಂಟಿಮೀಟರ್. ನಡುವೆ ಡೆಪ್ತ್ ಅಳಿಸುವುದರಿಂದ ದೂರದ ಹೋಳಿನ ಮಂಜನ್ನು ಅಳಿಸುವ ಮೊದಲೇ ಹಾಕಿ ಮುಗಿಸಬೇಕು.

ಮೂರನೆಯದು ಲಾಗರಿದಮಿಕ್ ಡೆಪ್ತ್, ಅಂದರೆ ದೂರದ ಲಾಗರಿದಮ್ ಅನ್ನು ಆಳವಾಗಿ ಬರೆಯುವುದು. ತ್ರೀ.ಜೆಎಸ್‌ನಲ್ಲಿ ಒಂದು ಸ್ವಿಚ್ ಒತ್ತಿದರೆ ಆಯಿತು, ಅದಕ್ಕೇ ಎಲ್ಲರೂ ಹಾಕುತ್ತಾರೆ. ನನಗೆ ಅದು ಹಿಡಿಸಲಿಲ್ಲ. ಪ್ರತಿ ಪಿಕ್ಸೆಲ್‌ಗೂ ಶೇಡರ್ ಆಳವನ್ನು ತಾನೇ ಬರೆಯುವುದರಿಂದ, ಬಣ್ಣ ಹಾಕುವ ಮುಂಚೆಯೇ ಮರೆಯಾದದ್ದನ್ನು ಕಳೆಯುವ ಯಂತ್ರದ ಅನುಕೂಲ ತಪ್ಪುತ್ತದೆ. ನಾನು ಡೆಪ್ತ್ ಪಾಸ್ ಇಟ್ಟುಕೊಂಡದ್ದೇ ಆ ಅನುಕೂಲಕ್ಕೆ. ಮೇಲಾಗಿ ನೀವೇ ಬರೆದ ಒಂದು ಶೇಡರ್ ಆ ಲೆಕ್ಕವನ್ನು ಸೇರಿಸಲು ಮರೆತರೆ ಆ ಪಾಸ್ ಮಾತ್ರ ಬೇರೆ ಅಳತೆಗೋಲಿನಲ್ಲಿ ಬರೆಯುತ್ತದೆ, ನೀರು ಗುಡ್ಡದ ಮುಂದೆ ತೇಲುತ್ತದೆ.

ಬಫರ್ ನಿಜವಾಗಿ ಎಷ್ಟು ಬಿಟ್ ಎಂದು ಕೇಳಿ ನೋಡುವುದನ್ನು ಬಿಡಬೇಡಿ. ಮಂಜಿನ ಪಾಸ್ ಸೇರಿಸಿದ ದಿನ ನನ್ನ ಎಲ್ಲ ದೋಷಗಳೂ ಒಮ್ಮೆಗೇ ವಾಪಸ್ ಬಂದವು. ಮಂಜಿಗಾಗಿ ಮಾಡಿದ ಹೊಸ ಫ್ರೇಮ್‌ಬಫರ್‌ಗೆ (ಪರದೆಗೆ ಕಳಿಸುವ ಮುಂಚೆ ಚಿತ್ರ ಬಿಡಿಸಿಡುವ ಜಾಗ) ಎಲ್ಲಿಂದಲೋ ತಂದ ಹಳೆಯ ಕೋಡ್ 16 ಬಿಟ್ ಡೆಪ್ತ್ ಜೋಡಿಸಿತ್ತು. 16 ಬಿಟ್ ಎಂದರೆ 65,536 ಮೆಟ್ಟಿಲು. ನಿಯರ್ 1 ಮೀಟರ್ ಇದ್ದರೂ ಒಂದೇ ಕಿಲೋಮೀಟರಿನಲ್ಲಿ ಮೆಟ್ಟಿಲು 15 ಮೀಟರ್. ಆ ಸಂಜೆ ಗುಡುಗು ಮಳೆ, ಕರೆಂಟ್ ಹೋಗಿ ಬ್ಯಾಟರಿ ಹತ್ತು ಪರ್ಸೆಂಟಿಗೆ ಬಂದಿತ್ತು. ಆ ಒಂದು ಸಾಲನ್ನು 24 ಬಿಟ್‌ಗೆ ಬದಲಿಸಿ ಮುಚ್ಚಿಟ್ಟೆ.

ಇನ್ನೊಂದು ಮಾತು, ಇದು ಡೆಪ್ತ್‌ನದಲ್ಲ, ಆದರೆ ಹಾಗೆಯೇ ಕಾಣುತ್ತದೆ. ಯುಟಿಎಂ ನಿರ್ದೇಶಾಂಕದಲ್ಲಿ, ಅಂದರೆ ಭೂಪಟದ ಜಾಗಗಳನ್ನು ಮೀಟರಿನಲ್ಲಿ ಹೇಳುವ ಪದ್ಧತಿಯಲ್ಲಿ, ನಮ್ಮ ಕಡೆಯ ಉತ್ತರದ ಅಳತೆ 15 ಲಕ್ಷ ಮೀಟರಿಗೂ ಮೇಲೆ. ಅಷ್ಟು ದೊಡ್ಡ ಸಂಖ್ಯೆಯನ್ನು 32 ಬಿಟ್ ಫ್ಲೋಟ್‌ನಲ್ಲಿ ಇಟ್ಟರೆ ಒಂದು ಹೆಜ್ಜೆಯೇ 12.5 ಸೆಂಟಿಮೀಟರ್. ಕ್ಯಾಮೆರಾ ನಿಧಾನ ಸರಿದಾಗ ಬದುಗಳು ನಡುಗಿದರೆ ಆಫ್‌ಸೆಟ್ ಹುಡುಕಬೇಡಿ. ನಕ್ಷೆಯ ನಡುವಿನ ಒಂದು ಬಿಂದುವನ್ನು ಸೊನ್ನೆ ಮಾಡಿಕೊಂಡು, ಜಾವಾಸ್ಕ್ರಿಪ್ಟಿನ 64 ಬಿಟ್ ಸಂಖ್ಯೆಗಳಲ್ಲೇ ಎಲ್ಲದರಿಂದ ಅದನ್ನು ಕಳೆದು, ಆಮೇಲೆ ಜಿಪಿಯುಗೆ (ಗ್ರಾಫಿಕ್ಸ್ ಚಿಪ್‌ಗೆ) ಕಳಿಸಿ.

ನೀರು

ಈಗ ದೊಡ್ಡಮ್ಮ ಕಂಡ ಕಂಬಳಿಗೆ ಬರುತ್ತೇನೆ. ನನ್ನ ನೆಲದ ಎತ್ತರ 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಅಳೆದ ಎಸ್‌ಆರ್‌ಟಿಎಂ ದತ್ತಾಂಶ. ರಾಡಾರ್ ನೀರಿನ ಒಳಗೆ ನೋಡುವುದಿಲ್ಲ, ದತ್ತಾಂಶ ತಿದ್ದುವಾಗ ಕೆರೆ ಜಲಾಶಯಗಳನ್ನು ಚಪ್ಪಟೆ ಮಾಡಿಯೂ ಇದ್ದಾರೆ. ಅಂದರೆ ಹಿನ್ನೀರಿನ ಜಾಗದಲ್ಲಿ ನನ್ನ 'ನೆಲ' ಎನ್ನುವುದೇ ಒಂದು ಹಾಸುಗಲ್ಲಿನಂಥ ಚಪ್ಪಟೆ. ಸ್ಲೈಡರ್ ಆ ಎತ್ತರಕ್ಕೆ ಬಂದಾಗ ನೀರಿನ ಹಾಳೆ ಸರಿಯಾಗಿ ಅದರ ಮೇಲೆಯೇ ಕೂತು, ಹಲವು ಚದರ ಕಿಲೋಮೀಟರ್ ಜಾಗದಲ್ಲಿ ಎರಡೂ ಒಂದೇ ಆಳಕ್ಕೆ ಹೊಡೆದಾಡುತ್ತಿದ್ದವು. ಯಾವ ನಿಯರ್ ಪ್ಲೇನೂ ಇದನ್ನು ಬಿಡಿಸಲಾರದು, ಯಾಕೆಂದರೆ ಅಲ್ಲಿ ನಿಜವಾಗಿಯೂ ಅಂತರವಿಲ್ಲ.

ಮೊದಲು ದತ್ತಾಂಶ ಸರಿಮಾಡಿದೆ. ಅಣೆಕಟ್ಟಿಗೆ ಮುಂಚಿನ ಹಳೆಯ ಭೂಪಟದ ಎತ್ತರರೇಖೆಗಳನ್ನು ಕೈಯಲ್ಲೇ ಗೆರೆ ಎಳೆದು ಇಳಿಸಿಕೊಂಡು, ಆ ಚಪ್ಪಟೆಯ ಜಾಗಕ್ಕೆ ಕಣಿವೆಯ ತಳ ಕೂರಿಸಿದೆ. ದೊಡ್ಡಮ್ಮ ಪಕ್ಕದಲ್ಲಿ ಕೂತು ಯಾವ ಹಳ್ಳ ಎಲ್ಲಿ ಸೇರುತ್ತಿತ್ತೆಂದು ಹೇಳಿದರು. ಆಳದ ಜಾಗಗಳಲ್ಲಿ ಪಟ್ಟೆ ಹೋಯಿತು. ದಡ ಮಾತ್ರ ಉಳಿಯಿತು. ಹಿನ್ನೀರಿನ ದಡದ ಇಳಿಜಾರು ಬಹಳ ಕಡಿಮೆ, ಗದ್ದೆಬಯಲಲ್ಲಿ ನೀರು ಒಂದಡಿ ಇಳಿದರೆ ಬಹುದೂರ ಹಿಂದೆ ಸರಿಯುತ್ತದೆ. ನೀರು ಮತ್ತು ನೆಲ ಅಷ್ಟು ಕಿರಿದಾದ ಕೋನದಲ್ಲಿ ಸೇರುವಲ್ಲಿ ದಡದ ಗೆರೆ ಗರಗಸದ ಹಲ್ಲಿನಂತೆ ಕಾಣುತ್ತಿತ್ತು.

ಇಲ್ಲಿ ಕೆಲಸ ಮಾಡಿದ್ದು ದಡ ಎಲ್ಲಿದೆಯೆಂದು ಡೆಪ್ತ್ ಬಫರನ್ನು ಕೇಳುವುದನ್ನೇ ನಿಲ್ಲಿಸಿದ್ದು. ನೀರಿನ ಶೇಡರ್‌ಗೆ ಎತ್ತರದ ನಕ್ಷೆಯನ್ನೇ ಟೆಕ್ಸ್ಚರ್ (ಶೇಡರ್ ಓದಬಲ್ಲ ಚಿತ್ರ) ಆಗಿ ಕೊಟ್ಟೆ. ಪ್ರತಿ ಪಿಕ್ಸೆಲ್‌ನಲ್ಲೂ ಅಡಿಯ ನೆಲದ ಎತ್ತರ ನೋಡಿ, ಅದು ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಆ ಪಿಕ್ಸೆಲ್ 'ಡಿಸ್ಕಾರ್ಡ್'. ಈ ಹೋಲಿಕೆ ಕ್ಯಾಮೆರಾದ ದೂರಕ್ಕೆ ಸಂಬಂಧವಿಲ್ಲದ್ದು, ಹಾಗಾಗಿ 10 ಕಿಲೋಮೀಟರ್ ಆಚೆಯ ದಡವೂ ಪಕ್ಕದ ದಡದಷ್ಟೇ ಸ್ವಚ್ಛ. ಒಣನೆಲದ ಮೇಲೆ ನೀರು ಏರುವ ಭಯ ಹೋದ ಮೇಲೆ ನೀರಿಗೆ ಧಾರಾಳವಾಗಿ ಆಫ್‌ಸೆಟ್ ಕೊಡಬಹುದು. ನಾನು ಫ್ಯಾಕ್ಟರ್ ಋಣ 1, ಯೂನಿಟ್ಸ್ ಋಣ 4 ಕೊಟ್ಟಿದ್ದೇನೆ. ಮುಂದಿನ ಗುಡ್ಡ ನೂರಾರು ಮೀಟರ್ ಈಚೆಗಿರುವುದರಿಂದ ಅದರ ಹಿಂದಿನ ನೀರು ತೂರಿ ಬರುವುದಿಲ್ಲ. ನಿಯರ್ ಸರಿಯಿದ್ದರೆ ಮಾತ್ರ ಈ ಮಾತು ನಿಜ, ಅದಕ್ಕೇ ಅದನ್ನು ಮೊದಲು ಹೇಳಿದ್ದು.

ಫ್ಯಾಕ್ಟರ್ ಎಂದರೆ ಮೇಲ್ಮೈ ಕಣ್ಣಿಗೆ ಎಷ್ಟು ಓರೆಯಾಗಿದೆಯೋ ಅದಕ್ಕೆ ತಕ್ಕ ಸರಿಕೆ, ಯೂನಿಟ್ಸ್ ಎಂದರೆ ಬಫರ್‌ನ ಅತಿ ಸಣ್ಣ ಮೆಟ್ಟಿಲಿನ ಎಷ್ಟು ಪಟ್ಟು ಎಂದು. ಓರೆ ನೆಲಕ್ಕೆ ಯೂನಿಟ್ಸ್ ಒಂದನ್ನೇ ಏರಿಸುತ್ತ ಹೋದರೆ ತೃಪ್ತಿಯಾಗುವುದಿಲ್ಲ. ಈ ಆಫ್‌ಸೆಟ್ ತ್ರಿಕೋನಗಳಿಗೆ ಮಾತ್ರ, ಗೆರೆಯಾಗಿ ಬಿಡಿಸಿದ್ದಕ್ಕೆ ತಾಗುವುದೇ ಇಲ್ಲ. ಬದುಗಳ ಗೆರೆ ಮುಂದೆ ಬರಬೇಕಾದರೆ ನೆಲವನ್ನು ಹಿಂದಕ್ಕೆ ತಳ್ಳಬೇಕು, ಫ್ಯಾಕ್ಟರ್ 1, ಯೂನಿಟ್ಸ್ 1 ಸಾಕು. ಆ ತಳ್ಳುವಿಕೆ ಡೆಪ್ತ್ ಪಾಸ್‌ಗೂ ಬಣ್ಣದ ಪಾಸ್‌ಗೂ ಒಂದೇ ಇರಲಿ. ಇನ್ನು ಘಾಟಿ ರಸ್ತೆಯನ್ನು ಆಫ್‌ಸೆಟ್‌ನಿಂದ ಉಳಿಸಲು ಆಗಲಿಲ್ಲ, ತಿರುವುಗಳಲ್ಲಿ ರಸ್ತೆಯ ಪಟ್ಟಿ ನೆಲದೊಳಕ್ಕೇ ಹೂತಿತ್ತು. ನೆಲದ ತ್ರಿಕೋನಗಳ ಅಂಚು ದಾಟುವ ಪ್ರತಿ ಜಾಗದಲ್ಲೂ ಪಟ್ಟಿಯನ್ನು ಕತ್ತರಿಸಿದ ಮೇಲೆ ಅದು ನೆಲಕ್ಕೆ ಒಪ್ಪಿ ಕೂತಿತು.

ಬಿಟ್ಟುಹೋದ ಸ್ಥಿತಿ

ಇದನ್ನು ಬೇಗ ಹೇಳಬಹುದು, ಹುಡುಕಲು ಮಾತ್ರ ಬೇಗ ಸಿಗುವುದಿಲ್ಲ. ನೀರು ಪಾರದರ್ಶಕವಾದ್ದರಿಂದ ಆ ಪಾಸ್‌ನಲ್ಲಿ ಡೆಪ್ತ್ ಪರೀಕ್ಷೆ ಇರಬೇಕು, ಬರೆಯುವುದು ಬೇಡ. ಹಾಗೆಂದು ಆಳ ಬರೆಯಲು ಬಿಡುವ ಡೆಪ್ತ್ ಮಾಸ್ಕ್ ಮುಚ್ಚಿದೆ, ತೆರೆಯಲು ಮರೆತೆ. ಮುಂದಿನ ಫ್ರೇಮ್‌ನ ಆರಂಭದಲ್ಲಿ ಡೆಪ್ತ್ ಅಳಿಸುವ ಆದೇಶ ಹೋಯಿತು, ಆದರೆ ಅಳಿಸುವುದೂ ಬರೆಯುವುದೇ, ಮಾಸ್ಕ್ ಮುಚ್ಚಿದ್ದರೆ ಅಳಿಸುವುದಿಲ್ಲ. ಮೊದಲ ಫ್ರೇಮ್ ಚೆನ್ನಾಗಿದ್ದು, ಆಮೇಲೆ ಕ್ಯಾಮೆರಾ ಸರಿದಂತೆ ಹಳೆಯ ಗುಡ್ಡದ ಆಕಾರದಲ್ಲಿ ರಂಧ್ರ ಕಂಡರೆ ನೇರ ಇಲ್ಲಿಗೆ ಬನ್ನಿ. ಪ್ರತಿ ಪಾಸ್ ತನಗೆ ಬೇಕಾದ ಸ್ಥಿತಿಯನ್ನೆಲ್ಲ ತಾನೇ ಶುರುವಿನಲ್ಲಿ ಹೇಳಬೇಕು: ಮಾಸ್ಕ್, ನಿಯಮ, ಆಫ್‌ಸೆಟ್, ಬ್ಲೆಂಡ್ (ಬಣ್ಣ ಬೆರೆಸುವುದು). ಹಿಂದಿನವರು ಸರಿಯಾಗಿ ಬಿಟ್ಟಿರುತ್ತಾರೆ ಎಂದು ನಂಬಬಾರದು.

ಮಂಜಿನ ಪಾಸ್‌ಗೆ ಮೂರು ಎಚ್ಚರಿಕೆ. ಬರೆಯಲು ಜೋಡಿಸಿದ ಡೆಪ್ತ್ ಟೆಕ್ಸ್ಚರನ್ನೇ ಅದೇ ಪಾಸ್‌ನಲ್ಲಿ ಓದಲು ಹೋಗಬೇಡಿ, ವೆಬ್‌ಜಿಎಲ್ ದೋಷವೆಂದು ನಿಲ್ಲಿಸುತ್ತದೆ. ಅದರ ಫಿಲ್ಟರ್ 'ನಿಯರೆಸ್ಟ್' ಇರಲಿ. ಓದಿದ ಬೆಲೆಯನ್ನು ನೇರವಾಗಿ ದೂರವೆಂದು ತಿಳಿಯದೆ, ನಿಯರ್ ಮತ್ತು ಫಾರ್ ಬಳಸಿ ಮೀಟರಿಗೆ ತಂದುಕೊಳ್ಳಿ. ನೆರಳಿನ ಪಾಸ್ ಇರುವವರಿಗೆ ನೆಲದ ಮೇಲೆ ತಾನೇ ಬೀಳಿಸಿಕೊಂಡ ನೆರಳಿನ ಗೆರೆಗಳು ಬರುತ್ತವೆ. ಅಲ್ಲೂ ಇಳಿಜಾರಿಗೆ ತಕ್ಕ ಆಫ್‌ಸೆಟ್ಟೇ ಮದ್ದು, ಹೆಚ್ಚಾದರೆ ಮರದ ಬುಡದಿಂದ ನೆರಳು ಕಳಚಿಕೊಂಡು ನಿಲ್ಲುತ್ತದೆ.

ಯಾವ ಬದಲಾವಣೆ ಮಾಡಿದರೂ ನಾನು ಎಂಟು ಕ್ಯಾಮೆರಾ ಜಾಗಗಳನ್ನು ಉಳಿಸಿಟ್ಟುಕೊಂಡು, ಲ್ಯಾಪ್‌ಟಾಪಿನಲ್ಲೂ ಎರಡು ಹಳೆಯ ಫೋನ್‌ಗಳಲ್ಲೂ ತೆರೆದು ನೋಡುತ್ತೇನೆ. ಲಾಂಚಿನ ಮೇಲಿನದು ಒಂದು, ಘಾಟಿಯ ತಿರುವಿನದು ಒಂದು, ಮಡೆನೂರು ಅಣೆಕಟ್ಟಿನ ತುದಿ ನೀರಿನಿಂದ ಆಗತಾನೆ ಹೊರಬರುವುದು ಒಂದು. ಎಂಟನೆಯದು ದೊಡ್ಡಮ್ಮ ಬೆರಳಿಟ್ಟು ತೋರಿಸಿದ ಗದ್ದೆ. ಅಲ್ಲಿ ನೀರನ್ನು ಒಂದಡಿ ಏರಿಸಿ, ಒಂದಡಿ ಇಳಿಸಿ, ಹತ್ತಿರದಿಂದಲೂ ಹತ್ತು ಕಿಲೋಮೀಟರಿನಿಂದಲೂ ನೋಡುತ್ತೇನೆ. ಬದುವಿನ ಗೆರೆ ಎಲ್ಲೂ ತುಂಡಾಗದಿದ್ದರೆ ಮಾತ್ರ ಹೊಸ ಆವೃತ್ತಿ ಹೊರಗೆ ಹೋಗುತ್ತದೆ.